ಬಾರದ ಎಮ್ಮೆಯೂ ಬಂದೇಬಿಟ್ಟ ಹೋರಿಯೂ

ನಮ್ಮ ಮನೆಯಲ್ಲಿ ಚಟ್ನಿಪುಡಿಗೆ ಎಂದೂ ಬರಗಾಲವಿಲ್ಲ. ಶೇಂಗಾ ಪುಡಿ, ಅಗಸೆ ಪುಡಿ, ಗುರೆಳ್ಳು ಪುಡಿ, ಏನೂ ಸಿಗದ ದಿನ ಬರೀ ಒಣಮೆಣಸಿನಕಾಯಿ ಪುಡಿ. ಡಬ್ಬಿಗಳೆಲ್ಲ ತುಂಬಿ, ಉಪ್ಪಿನಕಾಯಿ ಜಾಡಿಗಳು ತುಂಬಿ, ಈಗ ನೀರಿನ ಬಾಟಲಿಗಳ ಸರದಿ ಬಂದಿದೆ. ಬಂದ ನೆಂಟರು "ಎಷ್ಟು ಅಚ್ಚುಕಟ್ಟು ಹೆಣ್ಮಗಳು" ಎಂದು ಹೊಗಳಿ, ಹೋಗುವಾಗ ಒಂದೊಂದು ಬಾಟಲಿ ಹೊತ್ತುಕೊಂಡು ಹೋಗುತ್ತಾರೆ. ನಾನು ಬೇಡ ಅನ್ನುವುದಿಲ್ಲ. ನಿಜ ಸಂಗತಿಯನ್ನು ನಿಮಗೆ ಮಾತ್ರ ಹೇಳುತ್ತೇನೆ. ಬೆಳಿಗ್ಗೆ ಪಂಚಾಯ್ತಿಯ ಕಸದ ಗಾಡಿ ನಮ್ಮ ಬೀದಿಗೆ ತಿರುಗುತ್ತಿದ್ದ ಹಾಗೆ ನಾನು ಮಿಕ್ಸಿ ಹಾಕುತ್ತೇನೆ. ಗಾಡಿ ಆಚೆ ಬೀದಿಗೆ ಹೋಗುವ ತನಕ ನಿಲ್ಲಿಸುವುದಿಲ್ಲ. ಮಿಕ್ಸಿ ಅಷ್ಟು ಹೊತ್ತು ತಿರುಗಬೇಕೆಂದರೆ ಒಳಗೆ ಏನಾದರೂ ಇರಬೇಕಲ್ಲ.

ಕಸದ ಗಾಡಿಯ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರುವುದು ಅದು ಕೂಗಿಕೊಂಡು ಬರುವ ಹಾಡಿನ ಮೇಲೆ.

ಕೊಬ್ರಿ ಸರ ಕೊಳ್ಳಾಗ, ಹೋಯ್ ಹೋಯ್,
ಬಂತೋ ಹೋರಿ ಹಳ್ಳ್ಯಾಗ, ಹೋಯ್ ಹೋಯ್.

ನಮ್ಮ ಕಡೆಯವರಾಗಿದ್ದರೆ ನೀವು ಇದನ್ನು ಓದುವಾಗಲೇ ಒಳಗೊಳಗೆ ಹೋಯ್ ಅಂದಿರುತ್ತೀರಿ. ತಪ್ಪು ನಿಮ್ಮದಲ್ಲ. ಶಿಕಾರಿಪುರದಲ್ಲಿ ಬಸ್ಸು ಹತ್ತಿದರೆ ಸೊರಬದಲ್ಲಿ ಇಳಿಯುವ ತನಕ ಇದೇ ಹಾಡು. ಇಳಿದ ಮೇಲೆ ಅಡಿಕೆ ಮಂಡಿಯ ಹಮಾಲರ ಮೊಬೈಲಿನಲ್ಲಿ ಇದೇ ಹಾಡು. ಮದುವೆಯ ಮೆರವಣಿಗೆಯಲ್ಲಿ ಹಾಕುತ್ತಾರೆ, ಆಯಿತು, ಅದೊಂದು ಗದ್ದಲ. ಮೊನ್ನೆ ಒಂದು ಸೀಮಂತದಲ್ಲಿ ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಹಸಿರು ಬಳೆ ತೊಡಿಸುವಾಗ ಇದನ್ನೇ ಹಾಕಿದ್ದರು. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಆ ಹುಡುಗಿಯನ್ನು ಓಡಿಸುವುದೊಂದು ಬಾಕಿಯಿತ್ತು.

ಹಾಡಿದವರು ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಹಾಡಿದವರು ಗುತ್ಯಪ್ಪ ಮಾಸ್ತರು. ನನ್ನ ಗುತ್ಯಪ್ಪ ಮಾಸ್ತರು. ಹೊಟ್ಟೆ ಉರಿಯುವುದು ಅದಕ್ಕೆ.

ಮಾಸ್ತರು ಆನವಟ್ಟಿ ಕಡೆಯವರು. ಹಳ್ಳಿಹಳ್ಳಿಗೆ ಹೋಗಿ ನಾಟಕ ಕಲಿಸುವುದು, ಕಾಲಪೆಟ್ಟಿಗೆ ಎನ್ನುವ ಹಾರ್ಮೋನಿಯಂ ಬಾರಿಸುವುದು, ನಡುನಡುವೆ ತಾವೇ ಕಟ್ಟಿದ ಹಾಡು ಹಾಡುವುದು ಅವರ ಕಸುಬು. ಆಗ ಅವರಿಗೆ ಅವಸರ ಎಂದರೇನೆಂದೇ ಗೊತ್ತಿರಲಿಲ್ಲ. ಅವರೊಂದು ಸಾಲು ಎತ್ತಿಕೊಂಡಾಗ ನಾವು ಒಳಗೆ ಹೋಗಿ, ನೀರು ಕುಡಿದು, ತಮ್ಮನಿಗೆ ಎರಡು ಬಾರಿಸಿ ವಾಪಸು ಬಂದರೂ ಅವರು ಅದೇ ಸಾಲಿನಲ್ಲಿ ಇರುತ್ತಿದ್ದರು. ಆ ನಿಧಾನದಲ್ಲಿ ಏನೋ ಇತ್ತು. ಏನೆಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅವರ ದನಿ ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು, ಅಷ್ಟು ಗೊತ್ತು.

ನನ್ನ ತವರು ಸೊರಬ ತಾಲೂಕಿನ ಗುಡವಿಯ ಹತ್ತಿರ. ಹೊರಗಿನವರು ದೂರದೂರದಿಂದ ಗಾಡಿ ಮಾಡಿಕೊಂಡು ಬಂದು ಕೆರೆಯ ಹಕ್ಕಿಗಳನ್ನು ದುರ್ಬೀನಿನಲ್ಲಿ ನೋಡುತ್ತಿದ್ದರು. ನಾವು ಆ ಜನರನ್ನು ನೋಡುತ್ತಿದ್ದೆವು. ಅಪ್ಪ ಒಂದು ಟೇಪ್ ರೆಕಾರ್ಡರ್ ಕೊಂಡರು. ಕೊಂಡ ಮೇಲೆ ಕ್ಯಾಸೆಟ್ಟೂ ಬೇಕೆಂದು ಅವರಿಗೆ ನೆನಪಾಯಿತು. ಪಕ್ಕದ ಮನೆಯವರಲ್ಲಿ ಗುತ್ಯಪ್ಪ ಮಾಸ್ತರ ಕ್ಯಾಸೆಟ್ಟಿತ್ತು. ಅದನ್ನು ಎರವಲು ತೆಗೆದುಕೊಂಡು, ಸೊರಬದ ಬಸ್‌ಸ್ಟ್ಯಾಂಡಿನ ಪಕ್ಕ ಹಾಡು ತುಂಬಿಸಿಕೊಡುವ ಅಂಗಡಿಗೆ ಹೋಗಿ, ಮಾಮನ ಮದುವೆಯ ಭಾಷಣ ತುಂಬಿದ್ದ ಹಳೆಯ ಕ್ಯಾಸೆಟ್ಟಿನ ಮೇಲೆ ಹೊಡೆಸಿಕೊಂಡು ಬಂದರು. ಅಪ್ಪ ತಂದದ್ದು ಗಿಡ್ಡ ಕ್ಯಾಸೆಟ್ಟು, ಮಾಸ್ತರ ಹಾಡು ಉದ್ದ. ಅಂಗಡಿಯವನು ತುಂಬುವಷ್ಟು ತುಂಬಿ ಕೊಟ್ಟಿದ್ದ.

ಹಾಗೆ ನಮ್ಮ ಮನೆಗೆ ಬಂದದ್ದು ಎಮ್ಮೆ ಹಾಡು.

ಎಲ್ಲಾ ಬಂದ್ವು ಕೊಟ್ಟಿಗೆಗೆ, ನಮ್ಮೆಮ್ಮೆ ಬರಲಿಲ್ಲ,
ದೀಪ ಹಚ್ಚಿ ಕುಂತಳೆ ಅವ್ವ, ಹಾಲು ಕಾಸಲಿಲ್ಲ.

ಒಬ್ಬಳು ಅವ್ವ, ಒಬ್ಬಳು ಮಗಳು, ಮೇಯಲು ಹೋದ ಒಂದು ಎಮ್ಮೆ. ಮಗಳು ಹುಡುಕಿಕೊಂಡು ಹೋಗುತ್ತಾಳೆ. ಕೆರೆ ಏರಿಯನ್ನು ಕೇಳುತ್ತಾಳೆ, ಬೆಳ್ಳಕ್ಕಿಯನ್ನು ಕೇಳುತ್ತಾಳೆ, ಮುರಿದ ಬೇಲಿಯನ್ನು ಕೇಳುತ್ತಾಳೆ. ಯಾರೂ ನೋಡಿಲ್ಲ. ನಾವು ಮಕ್ಕಳು ಉಸಿರು ಬಿಗಿಹಿಡಿದು ಟೇಪಿನ ಸುತ್ತ ಕೂತಿದ್ದೇವೆ. ಕೊನೆಗೆ ಮಾಸ್ತರ ದನಿ ಒಂದು ಮೆಟ್ಟಿಲು ಏರುತ್ತದೆ. "ಅಲ್ಲಿ ನೋಡ್ದೆ, ಹೊಳೆಯಾಚೆ" ಅನ್ನುತ್ತಾರೆ. ಟಕ್. ಕ್ಯಾಸೆಟ್ಟು ಮುಗಿಯಿತು.

ಹೊಳೆಯಾಚೆ ಏನಿತ್ತು? ಪಕ್ಕದ ಮನೆಯವರ ಅಸಲು ಕ್ಯಾಸೆಟ್ಟನ್ನು ಅಷ್ಟರಲ್ಲಿ ಅವರ ಟೇಪ್ ರೆಕಾರ್ಡರ್ ತಿಂದುಹಾಕಿತ್ತು. ಅವರನ್ನು ಕೇಳಿದರೆ "ನಾವು ಆ ಹಾಡಿಗೆ ಮುಂಚೆನೇ ಮಲಗ್ತಿದ್ವಿ" ಅಂದರು. ನಮ್ಮ ಮನೆಯಲ್ಲಿ ಪಕ್ಷಗಳಾದವು. ಅಪ್ಪನದು ಎಮ್ಮೆ ಸಿಕ್ಕಿತು ಅನ್ನುವ ಪಕ್ಷ. "ಎಂತಕ್ಕೆ ಅಳ್ತೀಯೆ, ನಾಳೆ ಬತ್ತದೆ ಬಿಡು" ಎಂದು ನನಗೆ ಸಮಾಧಾನ ಹೇಳುತ್ತಿದ್ದರು, ಪ್ರತಿ ಸಲ ಹಾಡು ಮುಗಿದಾಗಲೂ. ಅಮ್ಮನದು ಹುಲಿ ಹಿಡಿಯಿತು ಅನ್ನುವ ಪಕ್ಷ. ಅಜ್ಜಿಯದು ಮಾತ್ರ ಬೇರೆಯೇ ತಕರಾರು. "ಕಟ್ಟಿ ಮೇಯ್ಸಾಕೆ ಏನಾಗಿತ್ತು ಅವಳಿಗೆ? ಎಮ್ಮೆ ಬಿಟ್ಟು ಆಮೇಲೆ ಹಾಡು ಹೇಳ್ತಾ ಕುಂತ್ಲಂತೆ" ಎಂದು ಹಾಡಿನೊಳಗಿನ ಅವ್ವನನ್ನು ಬೈದು, ಎದ್ದು ಹೋಗಿ ನಮ್ಮ ಎಮ್ಮೆಯ ಹಗ್ಗ ಗಟ್ಟಿಯಿದೆಯೇ ಎಂದು ನೋಡಿಕೊಂಡು ಬರುತ್ತಿದ್ದಳು.

ನಾನು ಯಾವ ಪಕ್ಷಕ್ಕೂ ಸೇರಲಿಲ್ಲ. ಮಾಸ್ತರ ಬಾಯಿಂದಲೇ ಕೇಳಬೇಕು ಎಂದುಕೊಂಡೆ. ಹೇಳಿದರೆ ನಗುತ್ತೀರಿ, ನನ್ನ ಬದುಕಿನಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡ ಆಸೆ ಎಂದರೆ ಇದೊಂದೇ. ಮಿಕ್ಕಿದ್ದೆಲ್ಲ ತಾನಾಗಿ ಬಂತು, ಇಲ್ಲವೇ ತಾನಾಗಿ ಹೋಯಿತು.

ಮದುವೆಯಾಗಿ ಬಂದದ್ದು ಶಿಕಾರಿಪುರ ತಾಲೂಕಿಗೆ, ಅಂಜನಾಪುರದ ಕಾಲುವೆಯ ಬಯಲಿಗೆ. ಹೊಸದರಲ್ಲಿ ತವರು ನೆನಪಾದಾಗೆಲ್ಲ ರೊಟ್ಟಿ ಬಡಿಯುತ್ತ ಎಮ್ಮೆ ಹಾಡು ಗುನುಗುತ್ತಿದ್ದೆ. ಒಂದು ಸಂಜೆ ಅತ್ತೆಯ ಕಿವಿಗೆ "ನಮ್ಮೆಮ್ಮೆ ಬರಲಿಲ್ಲ" ಎಂದು ಬಿತ್ತು. ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಹೊಸ ಸೊಸೆ, ಹೇಳಲು ನಾಚಿಕೊಂಡು ಹಾಡಿ ತಿಳಿಸುತ್ತಿದ್ದಾಳೆ ಎಂದುಕೊಂಡರೋ ಏನೋ, ಗದ್ದೆಯಿಂದ ಆಗಷ್ಟೇ ಬಂದ ಮಗನನ್ನು ಹಾಗೇ ಕಾಲುವೆ ಕಡೆಗೆ ಓಡಿಸಿದರು. ನಮ್ಮ ಮನೆಯವರು ಕಾಲುವೆಯ ಉದ್ದಕ್ಕೂ ಹುಡುಕಿ, ಕತ್ತಲಾಗುವ ಹೊತ್ತಿಗೆ ಯಾರದೋ ಎಮ್ಮೆಯೊಂದನ್ನು ಹೊಡೆದುಕೊಂಡು ಬಂದರು. ನಮ್ಮದು ಕೊಟ್ಟಿಗೆಯಲ್ಲೇ ಇತ್ತು. ಪರರ ಎಮ್ಮೆಯನ್ನು ಮಾರನೆಯ ದಿನ ಕ್ಷಮೆ ಕೇಳಿ ಒಪ್ಪಿಸಿ ಬಂದದ್ದಾಯಿತು. ಆಮೇಲೆ ನಾನು ಮನಸ್ಸಿನಲ್ಲೇ ಹಾಡಿಕೊಳ್ಳತೊಡಗಿದೆ.

ಈಗ ಹೋರಿಯ ವಿಷಯ. ನಮ್ಮ ಸೀಮೆಯಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಹೋರಿ ಬೆದರಿಸುವ ಹಬ್ಬ ಶುರು. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಬೆನ್ನಿಗೆ ಮಿಂಚುವ ಜೂಲ ಹೊದಿಸಿ, ಬಲೂನು ಕಟ್ಟಿ ಓಡಿಸುತ್ತಾರೆ. ಕಂಡವರೆಲ್ಲ ಕೊಬ್ಬರಿ ಕೀಳಲು ಮೇಲೆ ಬೀಳುತ್ತಾರೆ. ಕೀಳಗೊಡದೆ ಓಡಿದ್ದು ಗೆದ್ದ ಹೋರಿ. ಆ ಜೂಲಗಳನ್ನು ಹೊಲಿಯುವುದು ನನ್ನ ಕೆಲಸ. ಹಾಡು ಹೆಸರಾದ ಮೇಲೆ ಜನ ಬಂದು "ಅಕ್ಕಾರ, ಒಂದು ಕಡಿ ಕೊಬ್ರಿ ಸರ, ಇನ್ನೊಂದು ಕಡಿ ಹೋಯ್ ಹೋಯ್ ಅಂತ ಬರೀರಿ" ಅನ್ನತೊಡಗಿದರು. ಕಿವಿ ಮುಚ್ಚಿಕೊಂಡ ಹಾಡನ್ನು ಜರತಾರಿ ದಾರದಲ್ಲಿ ಅಕ್ಷರ ಅಕ್ಷರವಾಗಿ ಹೊಲಿಯುವ ಹಣೆಬರಹ ಇನ್ನಾರಿಗಾದರೂ ಉಂಟೋ ತಿಳಿಯದು. ಎಷ್ಟು ಹೋಯ್ ಹೊಲಿದಿದ್ದೇನೆಂದರೆ ಈಗ ನನ್ನ ಸೂಜಿಗೆ ಬೇರೆ ಅಕ್ಷರ ಬರುವುದಿಲ್ಲ.

ಮನೆಯಲ್ಲೂ ಒಂದು ಹೋರಿಯಿದೆ. ನನ್ನ ಮೈದುನ ಪರಶುವಿನದು. ಹೆಸರು ಕೆನಾಲ್ ಕಿಂಗ್. ಅಖಾಡದಲ್ಲಿ ಇದನ್ನು ಕಂಡರೆ ಗಟ್ಟಿ ಆಳುಗಳು ಮರ ಹತ್ತುತ್ತಾರೆ, ಮನೆಯಲ್ಲಿ ಕೋಳಿ ಹತ್ತಿರ ಬಂದರೆ ಇದು ಹಿಂದೆ ಸರಿಯುತ್ತದೆ. ಗದ್ದಲ ರೂಢಿಯಾಗಲಿ ಎಂದು ಪರಶು ದಿನಾ ಸಂಜೆ ಅದರ ಮುಂದೆ ಸ್ಪೀಕರ್ ಇಟ್ಟು ಅದೇ ಹಾಡು ಹಾಕಿ, ಹಗ್ಗ ಬಿಚ್ಚಿ ಓಟ ಕಲಿಸಿದ. ಹಾಡು ಬಂದರೆ ಓಡಬೇಕು, ಅಷ್ಟು ಅದರ ತಲೆಗೆ ಹೋಯಿತು. ಮುಂದೆ ಪಂಚಾಯ್ತಿಯವರು ಕಸದ ಗಾಡಿಗೆ ಇದೇ ಹಾಡು ಹಾಕುತ್ತಾರೆಂದು ಅವನಿಗಾಗಲಿ ಹೋರಿಗಾಗಲಿ ಏನು ಗೊತ್ತು?

ಮೊದಲ ದಿನ ಗಾಡಿ ಬಂತು. ಹೋರಿ ಗೂಟ ಕಿತ್ತುಕೊಂಡು ಗಾಡಿಯ ಹಿಂದೆ ಹೊರಟಿತು. ಗಾಡಿಯವನು ಕನ್ನಡಿಯಲ್ಲಿ ನೋಡಿ ಜೋರು ಮಾಡಿದ, ಇದೂ ಜೋರು ಮಾಡಿತು. ನಮ್ಮ ಊರಿನ ಗಂಡಸರ ಕೈ ಕೇಳಬೇಕಲ್ಲ, ಹೋರಿ ಓಡಿದರೆ ಕೊಬ್ಬರಿಗೆ ಹಾರುವ ಕೈ ಅದು. ಹಲ್ಲುಜ್ಜುತ್ತಿದ್ದವರು, ಕಸದ ಬುಟ್ಟಿ ಹಿಡಿದು ನಿಂತವರು, ಎಲ್ಲ ಬಿಸಾಡಿ ಅದರ ಕೊರಳಿಗೆ ಬಿದ್ದರು. ಕೊರಳಲ್ಲಿ ಇದ್ದದ್ದು ಬರೀ ಹಗ್ಗ. ಪಂಚಾಯ್ತಿ ಆಫೀಸಿನ ಮುಂದೆ ಗಾಡಿ ನಿಂತಿತು, ಹಾಡು ನಿಂತಿತು, ಹೋರಿಯೂ ನಿಂತಿತು. ಗೆದ್ದೆನೆಂದು ತಿಳಿದು, ಹಾರ ಹಾಕುವವರು ಬರಲಿ ಎಂದು ತಲೆ ಎತ್ತಿ ಕಾಯುತ್ತಿತ್ತಂತೆ. ಪಾಪ ಅನಿಸಿ ಅಲ್ಲಿಯ ಜವಾನ ಬಾಗಿಲ ಮೇಲಿನ ಫೋಟೋಕ್ಕೆ ತಂದಿದ್ದ ಸೇವಂತಿಗೆ ಮಾಲೆಯನ್ನೇ ಹಾಕಿ ಕಳಿಸಿದ. ಅಂದಿನಿಂದ ಗಾಡಿ ಬರುವ ಹೊತ್ತಿಗೆ ಪರಶು ಹೋರಿಯ ಕೊರಳು ತಬ್ಬಿಕೊಂಡು ನಿಲ್ಲುತ್ತಾನೆ, ನಾನು ಮಿಕ್ಸಿ ಹಾಕುತ್ತೇನೆ.

ನನ್ನ ತಕರಾರು ಗದ್ದಲದ್ದಲ್ಲ. ಹೋಯ್ ಎಂದರೂ ಸಹಿಸಬಹುದು. ಆದರೆ ಈ ಹಾಡಿನಲ್ಲಿ ಹೋರಿ ಎರಡನೆಯ ಸಾಲಿಗೇ ಬಂದುಬಿಡುತ್ತದೆ. ಆಮೇಲೆ ಕಾಯುವುದಕ್ಕೆ ಏನು ಉಳಿಯಿತು? ಒಂದು ಎಮ್ಮೆಗಾಗಿ ಊರೆಲ್ಲ ಅಲೆದಾಡಿಸಿದ ಮನುಷ್ಯ ಹೋರಿಯನ್ನು ಹೀಗೆ ಕೈಗೆ ತಂದು ಕೊಟ್ಟರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಹಾಡು ಹೆಸರಾದ ಮೇಲೆ ಮಾಸ್ತರು ಸೊರಬದಲ್ಲಿ ಒಂದು ಕಾರ್ಯಕ್ರಮಕ್ಕೆ ಬಂದರು. ನಾನು ತವರಿಗೆಂದು ಸುಳ್ಳು ಹೇಳಿ ಹೋಗಿ, ಹೆಂಗಸರ ಸಾಲಿನಲ್ಲಿ ಕೂತೆ. ಜನ ಹೋರಿ ಹಾಡನ್ನೇ ಮತ್ತೆ ಮತ್ತೆ ಕೇಳಿ ಹಾಡಿಸಿದರು. ತಡೆಯದೆ ನಾನು ಎದ್ದು ನಿಂತು "ಎಮ್ಮೆ, ಎಮ್ಮೆ" ಎಂದು ಕೂಗಿದೆ. ಮಾಸ್ತರಿಗೆ ಕೇಳಿಸಲಿಲ್ಲ. ನನ್ನ ಮುಂದೆ ಕೂತಿದ್ದ ಭಾರೀ ಆಳಿನ ಹೆಂಗಸಿಗೆ ಕೇಳಿಸಿತು. ಮುಂದಿನದನ್ನು ನಾನು ಬರೆಯುವುದಿಲ್ಲ. ಸೊರಬದ ಕೊನೇ ಬಸ್ಸಿಗೆ ಬಹಳ ಮೊದಲೇ ಹೊರಟು ಬಂದೆ.

ಹೀಗಿರುವಾಗ ಈ ವರ್ಷ ಹಬ್ಬಕ್ಕೆ ಮುಂಚೆ, ಕೆನಾಲ್ ಕಿಂಗ್‌ಗೆ ಹೊಸ ಜೂಲ ಹೊದಿಸುವ ಪೂಜೆಗೆ ಪರಶು ಗುತ್ಯಪ್ಪ ಮಾಸ್ತರನ್ನೇ ಕರೆಸಿಬಿಟ್ಟ. ಅವರು ನಮ್ಮ ಮನೆಗೆ, ನಮ್ಮ ಪಡಸಾಲೆಗೆ, ಊಟಕ್ಕೆ. ಬಡಿಸುವಾಗ ಮೆಲ್ಲಗೆ ಎಮ್ಮೆಯ ವಿಚಾರ ತೆಗೆಯಬೇಕು, ಹೋರಿ ಹಾಡಿನ ಸುದ್ದಿ ಬಂದರೆ ನಕ್ಕು ಒಳಗೆ ಹೋಗಬೇಕು ಎಂದು ಲೆಕ್ಕ ಹಾಕಿಕೊಂಡಿದ್ದೆ.

ಮಾಸ್ತರು ಬಂದರು. ಸೊರಬದಲ್ಲಿ ಕೂತು ಹಾಡುವಾಗ ದೂರದಿಂದ ಕಂಡದ್ದಷ್ಟೇ, ಕ್ಯಾಸೆಟ್ಟಿನ ದನಿಯಿಂದ ಎತ್ತರದ ಆಳು ಅಂದುಕೊಂಡಿದ್ದೆ. ನನ್ನ ಭುಜಕ್ಕೆ ಬರುವ ಮುದುಕರು, ದೊಡ್ಡ ಮೀಸೆ, ಹಲ್ಲು ಕಡಿಮೆ. ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ ಎಲೆಯ ತುದಿಯನ್ನು ನೋಡಿದರು.

"ಏನವ್ವ, ಇಷ್ಟು ನಮೂನಿ ಪುಡಿ ಮಾಡೀಯಲ್ಲ? ಅಂಗಡಿ ಇಟ್ಟೀಯೇನು?"

ನಾನು ಬಾಯಿ ತೆರೆಯುವ ಮೊದಲೇ ಪರಶು ಹೇಳಿದ. "ಇಲ್ರೀ ಮಾಸ್ತರ. ನಿಮ್ಮ ಹೋರಿ ಹಾಡು ಕಿವಿಗೆ ಬೀಳಬಾರ್ದು ಅಂತ ಅತ್ತಿಗಿ ದಿನಾ ಮಿಕ್ಸಿ ಹಾಕ್ತಾರ್ರಿ."

ಎಷ್ಟು ವರ್ಷ ಅನ್ನ ಹಾಕಿದರೇನು, ಮೈದುನ ಮೈದುನನೇ. ನಮ್ಮ ಮನೆಯವರು ಮಜ್ಜಿಗೆಯ ಲೋಟದೊಳಗೆ ಮುಖ ಇಟ್ಟರು. ಮಾಸ್ತರು ಈಗ ಎಲೆ ಬಿಟ್ಟು ಏಳುತ್ತಾರೆ, ಎಮ್ಮೆಯೂ ಅವರ ಹಿಂದೆಯೇ ಹೋಗುತ್ತದೆ, ಇನ್ನು ಈ ಜನ್ಮದಲ್ಲಿ ಹೊಳೆಯಾಚೆ ಏನಿತ್ತೆಂದು ಗೊತ್ತಾಗುವುದಿಲ್ಲ ಎಂದು ನನಗೆ ಅಳುವೇ ಬಂತು.

ಮಾಸ್ತರು ಗುರೆಳ್ಳು ಪುಡಿಗೆ ಎಣ್ಣೆ ಹಾಕಿಸಿಕೊಂಡರು. "ಯಾಕವ್ವ, ಅಷ್ಟು ಕೆಟ್ಟದಾಗೈತಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಅದರಲ್ಲಿ ಹೋರಿ ಭಾಳ ಲಗೂ ಬರ್ತದ್ರಿ," ಅಂದೆ. "ನಿಮ್ಮ ಎಮ್ಮೆ ಹಾಡು ಕೇಳಿ ಬೆಳೆದವಳು ನಾನು. ನಮ್ಮ ಕ್ಯಾಸೆಟ್ಟು ಹೊಳೆಯಾಚೆ ಅನ್ನೋ ಹೊತ್ತಿಗೆ ಮುಗೀತು. ಇವತ್ತಿಗೂ ಎಮ್ಮೆ ಸಿಕ್ತೋ ಇಲ್ವೋ ನಂಗೆ ಗೊತ್ತಿಲ್ಲ."

ಅವರು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಆ ಹಾಡು ನಂಗ ಸೇರಂಗಿಲ್ಲವ್ವ," ಅಂದರು. "ಜನ ಕಾದು ಕಾದು ನಿದ್ದಿ ಮಾಡ್ತಿದ್ರು. ಎಮ್ಮಿ ಹುಡುಕಾಂವ ನಾನೊಬ್ಬನ ಉಳೀತಿದ್ದೆ. ಹೋರಿ ಹಾಡು ನೋಡು, ಹೋಯ್ ಅಂದ್ರ ಮುದುಕರೂ ಎದ್ದು ನಿಂದರ್ತಾರ. ನಾನೂ ಹರೇದಾಗ ಹೋರಿ ಹಿಂದ ಓಡಿ ಪಕ್ಕೆಲುಬು ಮುರ್ಕೊಂಡಾಂವ. ಈಗ ಓಡಾಕ ಕಾಲಿಲ್ಲ, ಬಾಯಾಗ ಓಡ್ತೀನಿ."

ನಾನು ಪೂಜೆ ಮಾಡಿದ ಹಾಡು ಅದನ್ನು ಕಟ್ಟಿದವರಿಗೇ ಬೇಡ, ನಾನು ಮಿಕ್ಸಿ ಹಾಕಿದ ಹಾಡು ಅವರ ಪ್ರಾಣ. ಅವರು ಕೈ ತೊಳೆದು ಬಂದು ಕರಾರು ಹೇಳಿದರು.

"ಅಂಗಳದಾಗ ಹಿಂದ ಹೋಯ್ ಅನ್ನಾಕ ಒಬ್ಬರು ಬೇಕು. ನೀ ಅಂದ್ರ ನಾ ಎಮ್ಮಿ ಹಾಡು ಹಾಡ್ತೀನಿ. ಪೂರಾ."

ಹೋರಿಗೆ ಜೂಲ ಹೊದಿಸಿದರು. ಇಬ್ಬರು ಅದರ ಹಗ್ಗ ಹಿಡಿದರು. ಬೀದಿಯ ಜನ ಸೇರಿ ಮೊಬೈಲು ಎತ್ತಿದರು. ಮಾಸ್ತರು ಪೆಟ್ಟಿಗೆ ಬಾರಿಸುತ್ತ ಶುರು ಮಾಡಿ ನನ್ನ ಕಡೆ ಕೈ ತೋರಿಸಿದರು. ನಾನು ಹೋಯ್ ಅಂದೆ. ಅವರು ಪೆಟ್ಟಿಗೆ ನಿಲ್ಲಿಸಿದರು. "ಇದು ಹೋಯ್ ಅಲ್ಲವ್ವ, ಬಿಕ್ಕಳಿಕಿ. ಹೊಟ್ಟಿಂದ ಬರ್ಲಿ." ನನಗೂ ಹಟ ಬಂತು. ಅಷ್ಟು ವರ್ಷ ತಡೆದುಕೊಂಡದ್ದೆಲ್ಲ ಸೇರಿ, ಎರಡನೆಯ ಹೋಯ್ ಹೇಗೆ ಬಂತೆಂದರೆ ಹೋರಿ ಓಡುವುದನ್ನು ಮರೆತು ನನ್ನನ್ನೇ ನೋಡುತ್ತ ನಿಂತಿತು. ಮೂರನೆಯದಕ್ಕೆ ಸೆರಗು ಸೊಂಟಕ್ಕೆ ಹೋಗಿತ್ತು. ಆಮೇಲಿನ ಹೋಯ್‌ಗಳಲ್ಲಿ ಕೆಲವು ನನ್ನನ್ನು ಕೇಳದೆಯೇ ಬಂದವು, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ವಿಡಿಯೋ ಈಗ ಎರಡೂ ತಾಲೂಕಿನಲ್ಲಿದೆ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಡುವ ಮುಂಚೆ ನನ್ನ ಮುಖ ನೋಡಿ, ಮೊಬೈಲು ನೋಡಿ, ಮತ್ತೆ ನನ್ನ ಮುಖ ನೋಡುತ್ತಾನೆ. ಗುಡವಿಯಿಂದ ಅಮ್ಮ ಫೋನು ಮಾಡಿ "ಎಂತದೇ ಅದು, ಮೈಮೇಲೆ ಬಂದಂಗೆ" ಎಂದು ಕೇಳಿದಳು. ನೀವೂ ನೋಡಿರಬಹುದು. ನೀಲಿ ಸೀರೆ ನಾನೇ.

ಜನ ಕೇಕೆ ಹಾಕಿ ಮುಗಿಸಿದ ಮೇಲೆ ಮಾಸ್ತರು ಮಾತಿಗೆ ತಪ್ಪಲಿಲ್ಲ. ಪಡಸಾಲೆಯಲ್ಲಿ ಕೂತು ಪೆಟ್ಟಿಗೆಯ ತಿದಿ ಮೆಲ್ಲಗೆ ಒತ್ತಿದರು. ಮೊದಲ ಸಾಲಿಗೆ ಅರ್ಧ ಜನ ಎದ್ದು ಹೋದರು, ಮೊಬೈಲುಗಳು ಜೇಬಿಗೆ ಹೋದವು. ಬೆಳ್ಳಕ್ಕಿಯನ್ನು ಕೇಳುವ ಹೊತ್ತಿಗೆ ನಮ್ಮ ಮನೆಯವರೂ ದನ ಕಟ್ಟಲು ಎದ್ದರು. ಪರಶು ಮಾತ್ರ ಕಂಬಕ್ಕೆ ಒರಗಿ ಉಳಿದ, ನಿದ್ದೆ ಹೋದ. ಮಾಸ್ತರ ದನಿ ಈಗ ಬಿರಿದಿದೆ, ಉಸಿರು ಸಾಲುವುದಿಲ್ಲ. ಇಷ್ಟವಿಲ್ಲದ ಹಾಡನ್ನು ಅವರು ಒಂದು ಸಾಲೂ ನುಂಗದೆ ಹಾಡಿದರು. ಅದೇ ನಿಧಾನ. ಹೊಳೆಯ ಹತ್ತಿರ ಬಂದಾಗ ನನ್ನ ಕಿವಿ ಅಭ್ಯಾಸಬಲದಿಂದ ಟಕ್ ಎನ್ನುವುದನ್ನು ಕಾಯಿತು. ಅದು ಬರಲಿಲ್ಲ.

ಅಲ್ಲಿ ನೋಡ್ದೆ, ಹೊಳೆಯಾಚೆ, ಯಾರದೋ ಕೊಟ್ಟಿಗೆ,
ಹೆಸರು ಹಿಡಿದು ಕರೆದರೆ ತಿರುಗಿ ನೋಡ್ತು ಮೆಲ್ಲಗೆ.
ಮೇವಿನ ಬಾಯಲ್ಲಿ ಹೂಂ ಅಂತು, ಹಿಂದೆ ಬರಲಿಲ್ಲ,
ದೀಪ ಸಣ್ಣ ಮಾಡವ್ವ, ಅದಕೇನೂ ಕಡಿಮೆಯಿಲ್ಲ.

ನಾನು ಇಷ್ಟು ವರ್ಷ ದೀಪದ ಕಡೆ ಕೂತು ಕಾದಿದ್ದೆ. ಹೊಳೆಯ ಆ ಕಡೆಗೂ ಒಂದು ಕೊಟ್ಟಿಗೆ ಇದ್ದೀತು, ಅಲ್ಲಿ ಮೇವು ಇದ್ದೀತು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಮದುವೆಯಾಗಿ ಬಂದು ಸೇರಿದ ಈ ಮನೆಯನ್ನು ಸುತ್ತ ನೋಡಿದೆ. ಹೊಲಿಗೆ ಮಿಷನ್ನು, ತುಂಡು ಬಟ್ಟೆಯ ರಾಶಿ, ಅತ್ತೆಯ ಫೋಟೋ, ತೊಳೆಯಬೇಕಾದ ಪಾತ್ರೆ. ಕಣ್ಣೀರು ತಡೆಯಲು ಆಗಲಿಲ್ಲ. ದುಃಖವೇನೂ ಇರಲಿಲ್ಲ, ಸುಮ್ಮನೆ ಬಂತು. ಮಾಸ್ತರು ಮೀಸೆಯೊಳಗೆ ನಕ್ಕು ಪೆಟ್ಟಿಗೆ ಮುಚ್ಚಿದರು.

ಆ ಸದ್ದಿಗೆ ಪರಶು ಎಚ್ಚರಾಗಿ ನನ್ನ ಮುಖ ನೋಡಿ ಗಾಬರಿಯಾದ.

"ಯಾಕ್ರೀ ಅತ್ತಿಗಿ, ಎಮ್ಮಿ ಸಿಗಲಿಲ್ಲೇನು?"

"ಸಿಕ್ತು."

"ಎಲ್ಲಿತ್ತಂತ?"

"ಇಲ್ಲೇ," ಅಂದೆ. "ಶಿಕಾರಿಪುರದಾಗ. ಆರಾಮ ಐತಿ."